ಏರ್ ರೈಫಲ್‌ಗೆ ಕೈಯಳತೆಯ ಮರದ ಹಿಡಿಕೆ: ನಿಜವೆಷ್ಟು, ನಂಬಿಕೆಯೆಷ್ಟು?

ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ ಬಂದವರಿಗೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ನೆನಪಿರುತ್ತದೆ. ಜೊತೆಗೆ ಹುಡುಗರಿಗೆ ಇನ್ನೊಂದು ನೆನಪೂ ಇರುತ್ತದೆ: ಬಲೂನಿಗೆ ಗುಂಡು ಹೊಡೆಯುವ ಅಂಗಡಿ. ಮೈಲಾರವಿರಲಿ, ಕೊಟ್ಟೂರಿನ ತೇರಿರಲಿ, ನಮ್ಮ ಕಡೆಯ ಬಹುತೇಕರು ಜೀವನದಲ್ಲಿ ಮೊದಲು ಹಿಡಿದ ಬಂದೂಕು ಇಂಥ ಅಂಗಡಿಯ ಏರ್‌ಗನ್ನೇ. ನಾಲ್ಕು ಹೊಡೆದರೆ ಮೂರು ತಪ್ಪುತ್ತವೆ. "ಗನ್ನೇ ಸೊಟ್ಟ ಐತಿ ಬಿಡಪ್ಪ" ಅಂತ ನಗುತ್ತ ಮುಂದೆ ಹೋಗುತ್ತೇವೆ.

ಗನ್ ಸೊಟ್ಟ ಇದ್ದರೂ ಇರಬಹುದು. ಆದರೆ ಇನ್ನೊಂದು ಕಾರಣವನ್ನು ಯಾರೂ ಗಮನಿಸುವುದಿಲ್ಲ. ಅದೇ ಬಂದೂಕನ್ನು ಹತ್ತು ವರ್ಷದ ಹುಡುಗನೂ ಹಿಡಿಯುತ್ತಾನೆ, ಆರಡಿ ಎತ್ತರದ ಅವನ ಸೋದರಮಾವನೂ ಹಿಡಿಯುತ್ತಾನೆ. ಇಬ್ಬರ ಕೈಗೂ ಅದು ಸರಿಹೊಂದಲು ಸಾಧ್ಯವೇ?

ಇಲ್ಲಿಂದಲೇ 'ಕಸ್ಟಮ್ ಗ್ರಿಪ್' ಎಂಬ ಮಾತು ಹುಟ್ಟುವುದು. ಮನೆಯಲ್ಲೇ ಮರ ಕೆತ್ತಿ ರೈಫಲ್‌ಗೆ ಹಿಡಿಕೆ ಕೂರಿಸುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ಜೊತೆ ಹಲವು ಅರ್ಧಸತ್ಯಗಳೂ ಬರುತ್ತವೆ. ಯಾವುದು ನಿಜ, ಯಾವುದು ಅಪಾಯ, ಯಾವುದು ಅಪರಾಧ ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಒಂದು ನಿಮಿಷದಲ್ಲಿ

- ಹಿಡಿಕೆ ಬದಲಿಸಿದರೆ ಗುಂಡಿನ ವೇಗವಾಗಲಿ, ಅದು ಹೋಗುವ ದೂರವಾಗಲಿ ಹೆಚ್ಚುವುದಿಲ್ಲ. ಕೈಯ ತಪ್ಪು ಕಡಿಮೆಯಾಗಬಹುದು.
- ಪರವಾನಗಿ ಬೇಕಾದ ಬಂದೂಕಿನ ಮೇಲೆ ಮನೆಯಲ್ಲಿ ಕೆಲಸ ಮಾಡಬೇಡಿ. ಈ ಲೇಖನ ಕ್ರೀಡೆಗೆ ಬಳಸುವ ಏರ್ ರೈಫಲ್‌ನ ಹೊರಗಿನ ಮರದ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು.
- ದುಬಾರಿ ಮರವೇ ಬೇಕೆಂದಿಲ್ಲ. ಸರಿಯಾಗಿ ಒಣಗಿದ ಗಟ್ಟಿ ಮರ ಸಾಕು.
- ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಇದು ಸುಳ್ಳಲ್ಲ.

ನಂಬಿಕೆ 1: "ಒಳ್ಳೆ ಮರದ ಹಿಡಿಕೆ ಹಾಕಿದರೆ ಗುಂಡು ನೇರ ಹೋಗುತ್ತದೆ"

ಅರ್ಧ ನಿಜ. ಗುಂಡಿನ ವೇಗವನ್ನು ನಿರ್ಧರಿಸುವುದು ಗಾಳಿಯ ಒತ್ತಡ, ನಳಿಗೆಯ ಉದ್ದ ಮತ್ತು ಗುಂಡಿನ ತೂಕ. ಅದನ್ನು ತಿರುಗಿಸಿ ಸ್ಥಿರವಾಗಿ ಒಯ್ಯುವುದು ನಳಿಗೆಯ ಒಳಗೋಡೆಯಲ್ಲಿರುವ ಸುರುಳಿ ಗೀರುಗಳು. ಈ ಕೆಲಸದಲ್ಲಿ ಹಿಡಿಕೆಗೆ ಯಾವ ಪಾಲೂ ಇಲ್ಲ.

ಹಾಗಾದರೆ ಒಲಿಂಪಿಕ್ಸ್ ಆಟಗಾರರು ಹಿಡಿಕೆಗೆ ಅಷ್ಟು ತಲೆಕೆಡಿಸಿಕೊಳ್ಳುವುದೇಕೆ? ಲೆಕ್ಕ ಹಾಕಿ ನೋಡೋಣ.

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯ ವೃತ್ತ 45.5 ಮಿಲಿಮೀಟರ್ ಅಗಲ. ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ರೈಫಲ್‌ನ ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ ಸುಮಾರು 80 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಆಗ ಮುಂದಿನ ತುದಿ 0.08 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 10 ಮೀಟರ್ ಆಚೆ ಗುಂಡು 1 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. 0.08 ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ.

ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಈ ಸ್ಪರ್ಧೆಯಲ್ಲಿ ಅಂಕವನ್ನು ದಶಮಾಂಶದಲ್ಲಿ ಕೊಡುತ್ತಾರೆ. ಒಂದು ಹೊಡೆತಕ್ಕೆ ಗರಿಷ್ಠ 10.9, 60 ಹೊಡೆತಕ್ಕೆ 654. ಒಂದು ಮಿಲಿಮೀಟರ್ ತಪ್ಪಿದರೆ 0.4 ಅಂಕ ಹೋಗುತ್ತದೆ. ಫೈನಲ್‌ಗೆ ಹೋಗುವುದು, ಮನೆಗೆ ಬರುವುದು 0.1 ಅಂಕದಲ್ಲಿ ತೀರ್ಮಾನವಾಗುವ ಆಟವಿದು.

ತಲೆಗೂದಲಿನಷ್ಟು ಅಲುಗಾಟ ಎಲ್ಲಿಂದ ಬರುತ್ತದೆ? ಬಹಳ ಸಲ ಟ್ರಿಗರ್ ಎಳೆಯುವ ಬೆರಳಿನಿಂದ. ಹಿಡಿಕೆ ದಪ್ಪವಾಗಿದ್ದರೆ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕದೆ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಸಣ್ಣದಾಗಿದ್ದರೆ ಬೆರಳು ಹೆಚ್ಚು ಒಳಗೆ ಹೋಗಿ ಇನ್ನೊಂದು ಕಡೆಗೆ ತಳ್ಳುತ್ತದೆ. ಅಂಗೈ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಕೂತರೆ ಪ್ರತಿ ಸಲದ ತಪ್ಪೂ ಬೇರೆಯಾಗುತ್ತದೆ. ಒಂದೇ ಬಗೆಯ ತಪ್ಪಾದರೆ ಗುರಿಕಣ್ಣನ್ನು ತಿರುಗಿಸಿ ಸರಿಪಡಿಸಬಹುದು. ದಿನಕ್ಕೊಂದು ಬಗೆಯ ತಪ್ಪನ್ನು ಹಾಗೆ ಸರಿಪಡಿಸಲಾಗದು.

ಕೈಯಳತೆಯ ಹಿಡಿಕೆಯ ಕೆಲಸ ಇಷ್ಟೇ: ಕೈ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಬೇಕು, ಮಣಿಕಟ್ಟು ಬಿಗಿಯಬಾರದು, ತೋರುಬೆರಳು ನೇರ ಹಿಂದಕ್ಕೆ ಬರಬೇಕು.

ಇದು ನಮಗೆ ಹೊಸ ವಿಷಯವೇನಲ್ಲ. ಕುಡುಗೋಲು, ಕೊಡಲಿ, ಗುದ್ದಲಿಗೆ ಕಾವು ಹಾಕಿಸುವಾಗ ಹಿರಿಯರು ಕೈಯಲ್ಲಿ ಹಿಡಿದು, ತಿರುಗಿಸಿ, "ಇಲ್ಲಿ ಇನ್ನೊಂಚೂರು ಹೆರಿ" ಅಂತ ಬಡಗಿಗೆ ಹೇಳುವುದನ್ನು ನೋಡಿದ್ದೀರಿ. ಬೇರೆಯವರ ಕುಡುಗೋಲು ಹಿಡಿದು ದಿನವಿಡೀ ಕೊಯ್ದರೆ ಸಂಜೆಗೆ ಅಂಗೈಯಲ್ಲಿ ಬೊಬ್ಬೆ. ರೈಫಲ್ ಹಿಡಿಕೆಯೂ ಒಂದು ಕಾವೇ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಇಂದಿನ ಸ್ಪರ್ಧಾ ರೈಫಲ್‌ಗಳ ಒಡಲು ಬಹುಪಾಲು ಅಲ್ಯೂಮಿನಿಯಂ. ಆದರೂ ಕೈ ಹಿಡಿಯುವ ಜಾಗದಲ್ಲಿ ಹೆಚ್ಚಾಗಿ ಮರವೇ ಉಳಿದಿದೆ. ಮರ ಬೆವರನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಚಳಿಯಲ್ಲಿ ಲೋಹದಷ್ಟು ತಣ್ಣಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅರ ಹಿಡಿದು ಉಜ್ಜಿ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದು.

ಅಂಗವಿಕಲರ ಶೂಟಿಂಗ್‌ನಲ್ಲಿ ಈ ಹೊಂದಾಣಿಕೆಯ ಮಹತ್ವ ಇನ್ನೂ ಚೆನ್ನಾಗಿ ಕಾಣುತ್ತದೆ. ಕೈಗಳಿಂದ ರೈಫಲ್‌ನ ಭಾರ ಹೊರಲಾಗದವರಿಗೆ ಎಸ್‌ಎಚ್2 ಎಂಬ ವಿಭಾಗವಿದೆ. ಅಲ್ಲಿ ಸ್ಪ್ರಿಂಗ್ ಇರುವ ಸ್ಟ್ಯಾಂಡಿನ ಮೇಲೆ ರೈಫಲ್ ಇಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಸ್ಪರ್ಧಿಸಿದ್ದು ಈ ವಿಭಾಗದಲ್ಲಿ. ಸಲಕರಣೆಯನ್ನು ದೇಹಕ್ಕೆ ಹೊಂದಿಸಿಕೊಳ್ಳುವುದು ಈ ಆಟದಲ್ಲಿ ಶೋಕಿಯಲ್ಲ, ಆಟದ್ದೇ ಒಂದು ಭಾಗ.

ನಂಬಿಕೆ 2: "ಏರ್‌ಗನ್‌ಗೆ ಲೈಸೆನ್ಸ್ ಬೇಡ, ಏನು ಬೇಕಾದರೂ ಮಾಡಬಹುದು"

ಉಳಿ ಹಿಡಿಯುವ ಮುಂಚೆ ಇದನ್ನು ಓದಿ. ಮೇಲಿನ ವಾಕ್ಯದ ಮೊದಲರ್ಧ ಕೆಲವು ಏರ್‌ಗನ್‌ಗಳಿಗೆ ಮಾತ್ರ ನಿಜ. ಎರಡನೇ ಅರ್ಧ ಪೂರ್ತಿ ಸುಳ್ಳು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಗುಂಡಿನ ಶಕ್ತಿ 20 ಜೌಲ್ ಮೀರಿದ ಅಥವಾ ನಳಿಗೆಯ ಒಳ ಅಗಲ 4.5 ಮಿಲಿಮೀಟರ್ ಮೀರಿದ ಏರ್‌ಗನ್‌ಗೆ ಪರವಾನಗಿ ಬೇಕು. ಅದಕ್ಕಿಂತ ಕೆಳಗಿನವುಗಳಿಗೆ ಬೇಡ. ಸ್ಪರ್ಧೆಯ ಏರ್ ರೈಫಲ್‌ನ ಶಕ್ತಿ ಸುಮಾರು 7.5 ಜೌಲ್ ಮಾತ್ರ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಕಾಗದ ತೂತು ಮಾಡಲು ಅದು ಸಾಕು. ಕಣ್ಣಿಗೆ ಬಡಿದರೆ ದೃಷ್ಟಿ ಕಳೆಯಲೂ ಸಾಕು. ಅದು ಆಟಿಕೆಯಲ್ಲ.

ಇನ್ನು ಬೇರೆ ಬಂದೂಕುಗಳ ವಿಷಯ. ನಮ್ಮ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕುಗಳಿವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುವ ಬಂದೂಕು ಅದು. ಅದರ ಮರ ಸೀಳಿದೆ, ನಾನೇ ಒಂದು ಹೊಸ ಮರ ಹಾಕಿಬಿಡುತ್ತೇನೆ ಎಂದು ಹೊರಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಸೆಕ್ಷನ್ 5ರ ಪ್ರಕಾರ ಬಂದೂಕು ತಯಾರಿಕೆಗೆ, ಮಾರ್ಪಾಡಿಗೆ, ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ನಿಮ್ಮ ಬಳಿ ಇದ್ದ ಮಾತ್ರಕ್ಕೆ ದುರಸ್ತಿ ಮಾಡುವ ಪರವಾನಗಿ ಬಂದಂತಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇದೆ. ಪರವಾನಗಿ ಪಡೆದ ಬಂದೂಕು ಅಂಗಡಿಗೇ ಒಯ್ಯಿರಿ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೇಕೆ?" ಎಂಬ ಪ್ರಶ್ನೆಯೂ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಟುಕೊಳ್ಳಲು ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಅವರಿಗೆ ಮಾತ್ರ. ಬೇರೆಯವರಿಗೆ ಅನ್ವಯಿಸುವುದಿಲ್ಲ.

ಮೂರನೆಯದು ಹಕ್ಕಿಗಳು. ಏರ್‌ಗನ್ ಸಿಕ್ಕ ಹುಡುಗರ ಮೊದಲ ಗುರಿ ಬಹಳ ಸಲ ಮರದ ಮೇಲಿನ ಹಕ್ಕಿಯೇ. ಗನ್‌ಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಬೇಟೆಗೆ ಅನುಮತಿ ಇದೆ ಎಂದರ್ಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ನವಿಲಿನಂಥ ಮೊದಲ ಪಟ್ಟಿಯ ಜೀವಿಯಾದರೆ ಕನಿಷ್ಠ 3 ವರ್ಷ ಜೈಲು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಈಗ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ದೂರದೇಶದಿಂದ ಬಂದ ಹಕ್ಕಿಗೆ ನಮ್ಮೂರಿನ ಹುಡುಗನೊಬ್ಬ ಗುಂಡು ಹೊಡೆದು, ಅದರ ವಿಡಿಯೊ ಹಾಕಿ, ಅದೇ ವಿಡಿಯೊ ಸಾಕ್ಷಿಯಾಗಿ ಸಿಕ್ಕಿಬೀಳುವುದು ಬೇಡ.

ನಂಬಿಕೆ 3: "ವಾಲ್‌ನಟ್ ಮರವೇ ಬೇಕು"

ವಾಲ್‌ನಟ್ ಎಂದರೆ ಅಕ್ರೋಟು ಮರ. ಯುರೋಪಿನಲ್ಲಿ ಬಂದೂಕಿಗೆ ಅದನ್ನೇ ಬಳಸುತ್ತ ಬಂದರು. ಅದು ಅಲ್ಲಿ ಬೆಳೆಯುತ್ತದೆ, ಬಲವಿದ್ದರೂ ವಿಪರೀತ ಭಾರವಿಲ್ಲ, ಕೆತ್ತಲು ಹದ, ಒಣಗಿದ ಮೇಲೆ ಆಕಾರ ಕೆಡುವುದು ಕಡಿಮೆ. ಹಿಡಿಕೆಗೆ ಬೇಕಾದ್ದು ಈ ಗುಣಗಳು. ಅವು ನಮ್ಮ ಮರಗಳಲ್ಲೂ ಇವೆ.

- ಸಾಗುವಾನಿ: ಆಕಾರ ಕೆಡುವುದು ಕಡಿಮೆ, ಎಲ್ಲೆಡೆ ಸಿಗುತ್ತದೆ. ಬಡಗಿಯ ಬಳಿ ಉಳಿದ ತುಂಡು ಸಾಕು. ಅದರಲ್ಲಿ ಸಹಜ ಎಣ್ಣೆ ಇರುವುದರಿಂದ ಅಂಟು ಹಿಡಿಯುವುದು ಸ್ವಲ್ಪ ಕಷ್ಟ.
- ಕರಿಜಾಲಿ: ಬಂಡಿಗೆ, ನೇಗಿಲಿಗೆ, ಕಾವಿಗೆ ಬಳಸಿದ ಮರ. ಗಟ್ಟಿ, ಭಾರ. ಕೆತ್ತಲು ತಾಳ್ಮೆ ಬೇಕು.
- ಬಳ್ಳಾರಿ ಜಾಲಿ: ಇದನ್ನು ಓದಿ ನಗಬೇಡಿ. ರಸ್ತೆ ಬದಿಯಲ್ಲಿ, ಕೆರೆಯಂಗಳದಲ್ಲಿ ಹಬ್ಬಿ ರೈತರಿಗೆ ಸಾಕುಸಾಕು ಮಾಡಿರುವ ಈ ಮುಳ್ಳುಗಿಡ ಅಮೆರಿಕ ಖಂಡದಿಂದ ಬಂದದ್ದು. ನಾವು ಇದನ್ನು ಸೌದೆ, ಇದ್ದಿಲು ಅಂದುಕೊಂಡಿದ್ದೇವೆ. ಆದರೆ ಇದರ ಮರ ಗಟ್ಟಿ, ಒಣಗುವಾಗ ಬಹಳ ಕಡಿಮೆ ಕುಗ್ಗುವ ಮರಗಳಲ್ಲಿ ಒಂದು. ಇದರ ಹತ್ತಿರದ ಸಂಬಂಧಿ ಮೆಸ್ಕೀಟ್‌ನಿಂದ ಅಮೆರಿಕದಲ್ಲಿ ಪೀಠೋಪಕರಣ, ಚಾಕುವಿನ ಹಿಡಿ ಮಾಡುತ್ತಾರೆ. ತೊಂದರೆ ಒಂದೇ: ಉದ್ದದ ನೇರ ತುಂಡು ಸಿಗುವುದು ಅಪರೂಪ. ಹಿಡಿಕೆಗೆ ಗೇಣುದ್ದದ ತುಂಡು ಸಾಕಲ್ಲ!

ಯಾವ ಮರವಾದರೂ ಹೊರಗಿನ ಬಿಳಿ ಭಾಗ ಬೇಡ. ಅದಕ್ಕೆ ಹುಳು ಬೀಳುತ್ತದೆ. ಒಳಗಿನ ಗಾಢ ಬಣ್ಣದ ಚೇಗನ್ನೇ ತೆಗೆದುಕೊಳ್ಳಿ. ಬೀಟೆ, ಶ್ರೀಗಂಧದ ಮೇಲೆ ಕಾನೂನಿನ ನಿರ್ಬಂಧಗಳಿವೆ. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ತುಂಡನ್ನು ಮುಟ್ಟಬೇಡಿ.

ಮರ ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಕೆಲವು ವಾರ ತೂಕ ಇಳಿಯದೆ ಒಂದೇ ಇದ್ದರೆ ಒಣಗಿದೆ ಎಂದರ್ಥ. ಹಸಿ ಮರವಾದರೆ ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಬೇಕು ಎಂಬುದು ಬಡಗಿಗಳ ಅಂದಾಜು. ಬೇಗ ಒಣಗಲಿ ಎಂದು ನಮ್ಮ ಬೇಸಿಗೆಯ ಬಿಸಿಲಿಗಿಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ.

ಹಿಡಿಕೆ ಮಾಡುವ ಕ್ರಮ

ಹಿಡಿಕೆ ಬೇರೆ ತುಂಡಾಗಿ ಬೋಲ್ಟಿನಲ್ಲಿ ಕೂರುವ ಸ್ಪರ್ಧಾ ಏರ್ ರೈಫಲ್‌ಗೆ ಈ ಕ್ರಮ ಹೊಂದುತ್ತದೆ. ನಳಿಗೆ, ಸ್ಪ್ರಿಂಗ್, ಗಾಳಿಯ ಸಿಲಿಂಡರ್, ಟ್ರಿಗರ್ ಇವುಗಳಲ್ಲಿ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು.

1. ಖಾಲಿ ಇದೆಯೇ ನೋಡಿ. ನಳಿಗೆಯಲ್ಲಿ ಗುಂಡು ಇಲ್ಲವೆಂದು ಕಣ್ಣಾರೆ ನೋಡಿ. ಹಿಡಿಕೆ ಬಿಚ್ಚಿದ ಮೇಲೆ ರೈಫಲ್ ಅನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಕೆಲಸದ ಮೇಜಿನ ಮೇಲೆ ಇರಬೇಕಾದ್ದು ಮರ ಮಾತ್ರ. ಹಳೆಯ ಹಿಡಿಕೆಯನ್ನು ಎಸೆಯಬೇಡಿ. ಅದೇ ನಿಮ್ಮ ಅಳತೆಗೋಲು.

2. ಮೊದಲು ಮಣ್ಣಿನಲ್ಲಿ ಮಾಡಿ. ಮಕ್ಕಳ ಕ್ಲೇ ಅಥವಾ ಹದಗೊಳಿಸಿದ ಜೇಡಿಮಣ್ಣನ್ನು ಹಳೆಯ ಹಿಡಿಕೆಗೆ ಮೆತ್ತಿ, ಶೂಟಿಂಗ್ ನಿಲುವಿನಲ್ಲಿ ನಿಂತು ಸಹಜವಾಗಿ ಹಿಡಿಯಿರಿ. ಅಂಗೈಯ ಗುಂಡಿ, ಹೆಬ್ಬೆರಳ ಜಾಗ, ಬೆರಳುಗಳ ಸಾಲು ಮೂಡುತ್ತವೆ. ಕುರ್ಚಿಯಲ್ಲಿ ಕೂತು ಹಿಡಿದರೆ ಮಣಿಕಟ್ಟಿನ ಕೋನ ಬೇರೆಯಾಗುತ್ತದೆ. ಅದು ಬೇಡ.

3. ಎಳೆಯ ದಿಕ್ಕು ನೋಡಿ. ಕೊಡಲಿ ಕಾವಿನ ನಿಯಮವೇ ಇಲ್ಲಿಯೂ. ಮರದ ಎಳೆ ಹಿಡಿಕೆಯ ಉದ್ದಕ್ಕೂ ಹರಿಯಬೇಕು. ಅಡ್ಡ ಎಳೆಯಿದ್ದರೆ ಬೋಲ್ಟ್ ಬಿಗಿಯುವಾಗಲೇ ಸೀಳಬಹುದು.

4. ತೂತು ಮೊದಲು, ಆಕಾರ ಆಮೇಲೆ. ಬೋಲ್ಟಿನ ತೂತನ್ನೂ ರೈಫಲ್‌ಗೆ ಕೂರುವ ಮೇಲ್ಭಾಗವನ್ನೂ ಮರ ಚೌಕವಾಗಿರುವಾಗಲೇ ಮಾಡಿ ಮುಗಿಸಿ. ಗುಂಡಗೆ ಕೆತ್ತಿದ ಮೇಲೆ ವೈಸ್‌ನಲ್ಲಿ ಹಿಡಿಸುವುದೂ ಕಷ್ಟ, ನೇರ ತೂತು ಕೊರೆಯುವುದೂ ಕಷ್ಟ. ಹೊಸಬರು ಮಾಡುವ ದೊಡ್ಡ ತಪ್ಪು ಇದು. ಎರಡು ವಾರ ಕೆತ್ತಿದ ಹಿಡಿಕೆ ಕೊನೆಗೆ ಸೊಟ್ಟ ಕೂರುತ್ತದೆ.

5. ಒರಟು ಕೆತ್ತನೆ. ಗರಗಸದಲ್ಲಿ ಹೊರಗೆರೆ ಕತ್ತರಿಸಿ, ಉಳಿ ಮತ್ತು ಒರಟು ಅರದಿಂದ ಮಣ್ಣಿನ ಮಾದರಿಯ ಹತ್ತಿರ ತನ್ನಿ. ಎಲ್ಲ ಕಡೆ 2–3 ಮಿಲಿಮೀಟರ್ ಹೆಚ್ಚು ಬಿಡಿ.

6. ಸೀಮೆಸುಣ್ಣದ ಪರೀಕ್ಷೆ. ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದು ಹಿಡಿಕೆಯನ್ನು ಹಿಡಿದು ಬಿಡಿ. ಸುಣ್ಣ ದಟ್ಟವಾಗಿ ಅಂಟಿದ ಜಾಗ ಉಬ್ಬಿದೆ, ಅಲ್ಲಿ ಉಜ್ಜಿ. ಅಂಟದ ಜಾಗ ತಗ್ಗಿದೆ, ಅಲ್ಲಿ ಬಿಡಿ. ಹೀಗೆ ಹತ್ತಾರು ಸಲ. ತೋರುಬೆರಳಿನ ಪಕ್ಕ ಮರಕ್ಕೆ ತಾಗಬಾರದು. ತಾಗಿದರೆ ಟ್ರಿಗರ್ ಎಳೆಯುವಾಗ ಬೆರಳು ಇಡೀ ರೈಫಲ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಬಳಪದ ಬೂದು ಗುರುತು ಅಲ್ಲಿ ಕಂಡರೆ ಇನ್ನಷ್ಟು ಹೆರೆಯಿರಿ.

7. ಹೆಚ್ಚು ಉಜ್ಜಿಬಿಟ್ಟರೆ? ವುಡ್ ಪುಟ್ಟಿ ತುಂಬಿ ಮತ್ತೆ ಉಜ್ಜಿ. ದೊಡ್ಡ ಆಟಗಾರರ ಹಿಡಿಕೆಗಳಲ್ಲೂ ಪುಟ್ಟಿಯ ತೇಪೆಗಳಿರುತ್ತವೆ. ಅಂದಕ್ಕೆ ಅಂಕವಿಲ್ಲ.

8. ಸ್ಯಾಂಡ್‌ಪೇಪರ್. 80ರಿಂದ ಶುರುಮಾಡಿ 120, 180, 240. ಎಳೆಯ ಉದ್ದಕ್ಕೆ ಉಜ್ಜಿ. ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಎಳೆಗಳು ಮೇಲೇಳುತ್ತವೆ. ಅವನ್ನು ಮತ್ತೆ ಉಜ್ಜಿದರೆ ಮುಂದೆ ಬೆವರು ತಾಗಿದಾಗ ಒರಟಾಗುವುದಿಲ್ಲ. ಗಾಜಿನಂತೆ ನುಣುಪು ಮಾಡಬೇಡಿ, ಕೈ ಜಾರುತ್ತದೆ.

ಸ್ಪರ್ಧೆಗೆ ಹೋಗುವವರು ಇನ್ನೊಂದು ಮಾತು ಗಮನಿಸಿ. ಹಿಡಿಕೆ ಎಷ್ಟು ಹೊರಚಾಚಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವಿದೆ. ರೈಫಲ್‌ನ ಒಟ್ಟು ತೂಕ 5.5 ಕಿಲೋ ಮೀರಬಾರದು. ಅಂಟಂಟಾದ ಯಾವ ಪದಾರ್ಥವನ್ನೂ ಬಳಿಯುವಂತಿಲ್ಲ. ಕೆತ್ತುವ ಮುಂಚೆ ತರಬೇತುದಾರರಿಂದ ಈಗಿನ ಅಳತೆಗಳನ್ನು ಕೇಳಿಕೊಳ್ಳಿ.

ನಂಬಿಕೆ 4: "ಮನೆಯ ತೆಂಗಿನೆಣ್ಣೆ, ಶೇಂಗಾ ಎಣ್ಣೆ ಬಳಿದರೆ ಸಾಕು"

ಸುಳ್ಳು. ಮರದ ಮೇಲೆ ಬಳಿಯುವ ಎಣ್ಣೆ ಗಟ್ಟಿಯಾಗಿ ಪದರವಾಗಬೇಕು. ಎಲ್ಲ ಎಣ್ಣೆಗೂ ಆ ಗುಣವಿಲ್ಲ. ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುವ ಶಕ್ತಿಯನ್ನು ಅಂದಾಜಿಸಲು 'ಅಯೋಡಿನ್ ಮೌಲ್ಯ' ಎಂಬ ಅಳತೆಯಿದೆ. ಅಗಸೆ ಎಣ್ಣೆಗೆ ಇದು 170ಕ್ಕೂ ಹೆಚ್ಚು. ಕುಸುಬೆ ಎಣ್ಣೆಗೆ 140ರ ಆಸುಪಾಸು. ಶೇಂಗಾ ಎಣ್ಣೆಗೆ 90ರ ಆಸುಪಾಸು. ತೆಂಗಿನೆಣ್ಣೆಗೆ ಸುಮಾರು 10.

ಅಂದರೆ ಶೇಂಗಾ, ತೆಂಗಿನ ಎಣ್ಣೆಗಳು ಎಷ್ಟು ದಿನ ಬಿಟ್ಟರೂ ಗಟ್ಟಿಯಾಗುವುದಿಲ್ಲ. ಜಿಡ್ಡಾಗಿ ಉಳಿದು, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಬಣ್ಣದ ಅಂಗಡಿಗಳಲ್ಲಿ 'ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್' ಎಂದು ಸಿಗುವುದು ಅಗಸೆ ಎಣ್ಣೆಯೇ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಆದ್ದರಿಂದ ಅದು ಅಡುಗೆಗೆ ಬಳಸುವ ಅಗಸೆ ಎಣ್ಣೆಯಲ್ಲ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ತೆಳುವಾಗಿ ಬಳಿಯಿರಿ, ಹದಿನೈದು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಕೈ. ಮೂರು ನಾಲ್ಕು ಕೈ ಸಾಕು.

ನಂಬಿಕೆ 5: "ಬಟ್ಟೆ ತಾನಾಗಿ ಹೊತ್ತಿಕೊಂಡರೆ ಅದು ಭಾನಾಮತಿ"

ಬೆಂಕಿ ನಿಜ, ಭಾನಾಮತಿ ಅಲ್ಲ. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಅಗಸೆ ಎಣ್ಣೆ ಒಣಗುವುದು ನೀರು ಆವಿಯಾದಂತೆ ಅಲ್ಲ. ಅದು ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಬರುತ್ತದೆ. ಮರದ ಮೇಲೆ ತೆಳುವಾಗಿದ್ದರೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಅದೇ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ? ಒಳಗಿನ ಶಾಖ ಹೊರಗೆ ಹೋಗುವುದಿಲ್ಲ. ಬಿಸಿಯಾದಷ್ಟೂ ಕ್ರಿಯೆ ಜೋರಾಗುತ್ತದೆ, ಜೋರಾದಷ್ಟೂ ಬಿಸಿ ಏರುತ್ತದೆ. ಕೆಲವು ಗಂಟೆಗಳ ಮೇಲೆ, ಎಲ್ಲರೂ ಮಲಗಿರುವಾಗ, ಬೆಂಕಿಕಡ್ಡಿಯಿಲ್ಲದೆ ಬಟ್ಟೆ ಹೊತ್ತಿಕೊಳ್ಳಬಹುದು. ಮೂಲೆಯಲ್ಲಿ ಮರದ ಪುಡಿಯಿದ್ದರೆ ಕೇಳುವುದೇ ಬೇಡ.

1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬಿದ್ದ ಬೆಂಕಿಯ ಮೂಲ ಅಗಸೆ ಎಣ್ಣೆಯ ಬಟ್ಟೆಗಳು. ಮರಗೆಲಸದವರು ಬಿಟ್ಟುಹೋದ ಬಟ್ಟೆ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಮಾಡಬೇಕಾದ್ದು ಸುಲಭ. ಬಟ್ಟೆಯನ್ನು ಮಡಿಸದೆ ಹೊರಗೆ ಬಂಡೆಯ ಮೇಲೋ ಕಾಂಪೌಂಡಿನ ಮೇಲೋ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಮನೆಗೆ ಬಣ್ಣ, ಪಾಲಿಶ್ ಮಾಡಿಸುವಾಗಲೂ ಇದೇ ನಿಯಮ.

ಧೂಳು ಮತ್ತು ಸೀಸ: ಕಣ್ಣಿಗೆ ಕಾಣದ ಎರಡು ಅಪಾಯ

"ಮರದ ಧೂಳು ನೈಸರ್ಗಿಕ, ಏನೂ ಆಗಲ್ಲ" ಎಂಬುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್‌ಗೂ ವರ್ಷಗಟ್ಟಲೆ ಧೂಳು ಕುಡಿಯುವ ಕೆಲಸಕ್ಕೂ ಸಂಬಂಧ ಕಂಡುಬಂದಿದೆ. ಒಂದು ಹಿಡಿಕೆ ಕೆತ್ತಿದ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ಬೀಟೆಯಂಥ ಮರದ ಧೂಳು ಕೆಲವರಿಗೆ ಒಂದೇ ದಿನದಲ್ಲಿ ತುರಿಕೆ, ಸೀನು ತರುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಹಾಕಿ, ಅಂಗಳದಲ್ಲಿ ಕೆಲಸ ಮಾಡಿ. ದಿನವೂ ಈ ಧೂಳಿನಲ್ಲೇ ದುಡಿಯುವ ನಿಮ್ಮೂರಿನ ಬಡಗಿಗೂ ಒಂದು ಮಾಸ್ಕ್ ಕೊಡಿಸಿ.

ಇನ್ನೊಂದು ಸೀಸ. ಏರ್ ರೈಫಲ್ ಗುಂಡುಗಳು ಸಾಮಾನ್ಯವಾಗಿ ಸೀಸದವು. ಬೆರಳಿಗೆ ಮೆತ್ತುವ ಬೂದು ಪುಡಿ ಊಟದ ಜೊತೆ ಒಳಗೆ ಹೋಗಬಾರದು. ಗುಂಡುಗಳನ್ನು ಬಾಯಲ್ಲಿಟ್ಟುಕೊಳ್ಳಬೇಡಿ. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ವಿಷ.

ಹಾಗಾದರೆ ಹಿಡಿಕೆ ಮಾಡಿಕೊಳ್ಳಬೇಕೇ?

ಈಗಷ್ಟೇ ಶೂಟಿಂಗ್ ಕಲಿಯಲು ಹೊರಟವರಿಗೆ ನಮ್ಮ ಉತ್ತರ: ಸದ್ಯಕ್ಕೆ ಬೇಡ. ಮೊದಲ ತಿಂಗಳುಗಳಲ್ಲಿ ನಿಲುವು ಬದಲಾಗುತ್ತಲೇ ಇರುತ್ತದೆ. ಇಂದು ಕೆತ್ತಿದ ಹಿಡಿಕೆ ಮೂರು ತಿಂಗಳಿಗೆ ತಪ್ಪಾಗುತ್ತದೆ. ಬೆಳೆಯುವ ಮಕ್ಕಳ ಕೈಯಂತೂ ವರ್ಷದಲ್ಲೇ ದೊಡ್ಡದಾಗುತ್ತದೆ. ಮೊದಲು ತರಬೇತುದಾರರ ಬಳಿ ಹೋಗಿ. 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಅಡಿಯಲ್ಲಿ ರಾಜ್ಯ ಸಂಸ್ಥೆಯಿದೆ, ಅದರ ಮೂಲಕ ಮಾನ್ಯ ತರಬೇತಿ ಕೇಂದ್ರಗಳನ್ನು ಕೇಳಿ ತಿಳಿಯಬಹುದು. ನಿಲುವು ಕೂತ ಮೇಲೆ, ಯಾವ ಜಾಗದಲ್ಲಿ ಕೈ ಒದ್ದಾಡುತ್ತಿದೆ ಎಂದು ನಿಮಗೇ ಗೊತ್ತಾದ ಮೇಲೆ, ಅರ ಹಿಡಿಯಿರಿ.

ಕೂಡ್ಲಿಗಿಯ ಅಥವಾ ಹರಪನಹಳ್ಳಿಯ ಹುಡುಗಿಯೊಬ್ಬಳ ಕೈಗೆ ವಿದೇಶದ ಕಾರ್ಖಾನೆಯ ಮಧ್ಯಮ ಅಳತೆಯ ಹಿಡಿಕೆ ದೊಡ್ಡದಾದರೆ, ಅದು ಅವಳ ಕೈಯ ತಪ್ಪಲ್ಲ. ಬೇಲಿಯ ಬಳ್ಳಾರಿ ಜಾಲಿ, ಊರ ಬಡಗಿಯ ಅನುಭವ, ನಾಲ್ಕು ಭಾನುವಾರದ ತಾಳ್ಮೆ ಸೇರಿದರೆ ಆ ಕೊರತೆ ನೀಗುತ್ತದೆ. ಗುರಿ ಮಾತ್ರ ಅವಳೇ ಅಭ್ಯಾಸ ಮಾಡಿ ಗಳಿಸಬೇಕು.

ಫಾರ್ವರ್ಡ್ ಮಾಡುವ ಮುನ್ನ

ಬಂದೂಕು ಕೆತ್ತುವ, ಕಟ್ಟುವ ವಿಡಿಯೊ ನಿಮಗೆ ಬಂದರೆ ಮೂರು ಪ್ರಶ್ನೆ ಕೇಳಿ. ಇದು ಪರವಾನಗಿ ಬೇಡದ ಕ್ರೀಡಾ ಏರ್ ರೈಫಲ್ಲೇ, ಬೇರೆ ಬಂದೂಕೇ? ಹೊರಗಿನ ಮರದ ಕೆಲಸವೇ, ಒಳಗಿನ ಯಂತ್ರದ ಕೆಲಸವೇ? ಗುರಿ ಕಾಗದವೇ, ಜೀವವೇ? ಮೂರರಲ್ಲಿ ಒಂದಕ್ಕೆ ಅನುಮಾನ ಬಂದರೂ ಮುಂದಕ್ಕೆ ಕಳಿಸಬೇಡಿ. ಎಣ್ಣೆ ಬಟ್ಟೆಯ ವಿಷಯವನ್ನು ಮಾತ್ರ ಇವತ್ತೇ ಮನೆಯ ಗ್ರೂಪಿಗೆ ಕಳಿಸಿ.